ನಡುಗಿದ ನೆಲ, ನಿಲ್ಲದ ಕನಸು

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಗಡಿಯ ಬಗ್ಗೆ, ಕನ್ನಡ ಶಾಲೆಗಳ ಬಗ್ಗೆ, ಹೊರನಾಡ ಕನ್ನಡಿಗರ ಪಾಡಿನ ಬಗ್ಗೆ ಬೇಕಾದಷ್ಟು ಮಾತುಗಳು ಬಂದಿವೆ. ಬರಬೇಕಾದದ್ದೇ. ವಿಷಯದ ಆಯ್ಕೆಯನ್ನು ಕಾರ್ಯದರ್ಶಿಗಳು ನನಗೇ ಬಿಟ್ಟದ್ದರಿಂದ ನಾನು ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಭೂಕಂಪ, ನೆರೆ, ಭೂಕುಸಿತಗಳಿಗೆ ಸಿಕ್ಕು ಬದುಕಿ ಉಳಿದವರನ್ನು ರಾತ್ರಿಯ ಹೊತ್ತು ಕಾಡುವ ದುಃಸ್ವಪ್ನಗಳೇ ಆ ವಿಷಯ. ಸಾಂಸ್ಕೃತಿಕ ಸಂಘವೊಂದಕ್ಕೂ ಯಾರದೋ ಕೆಟ್ಟ ಕನಸಿಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕನಸು ತೀರ ಖಾಸಗಿಯಾದದ್ದು, ಅದು ವೈದ್ಯರಿಗೋ ಜೋಯಿಸರಿಗೋ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಕನಸನ್ನು ಹೇಳಿಕೊಳ್ಳುವುದಕ್ಕೆ ಒಂದು ಭಾಷೆ ಬೇಕು, ಕೇಳುವುದಕ್ಕೆ ಒಂದು ನೆರೆಹೊರೆ ಬೇಕು. ಭಾಷೆ ಮತ್ತು ನೆರೆಹೊರೆ ಇವೆರಡೂ ನಮ್ಮಂಥ ಸಂಘಗಳ ಕಾರ್ಯಕ್ಷೇತ್ರವೇ ಆಗಿರುವುದರಿಂದ ಈ ವಿಷಯ ನಮ್ಮದೂ ಹೌದು ಎಂಬುದು ನನ್ನ ವಾದ.

ನಾನು ಮನೋವೈದ್ಯನಲ್ಲ. 1993ರಲ್ಲಿ ಸೊಲ್ಲಾಪುರದಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದೆ. ಆ ವರ್ಷ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ನೆಲ ನಡುಗಿದ್ದು ನಿಮಗೆಲ್ಲ ತಿಳಿದದ್ದೇ. ಉಸ್ಮಾನಾಬಾದಿಗೆ ಈಗ ಧಾರಾಶಿವ ಎಂದು ಹೆಸರು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ತಡವಾಗಿ ಮಲಗಿದ್ದರು. ಕಂಪನದ ಪ್ರಮಾಣ 6.2. ಸರಕಾರದ ಲೆಕ್ಕದಂತೆ ಸತ್ತವರು 7,928. ಕಿಲ್ಲಾರಿ, ಸಾಸ್ತೂರುಗಳೂ ಸೇರಿದಂತೆ 52 ಹಳ್ಳಿಗಳು ನೆಲಸಮವಾದವು. ಅಲ್ಲಿಂದ ನಮ್ಮ ಬಸವಕಲ್ಯಾಣ, ಆಳಂದಗಳು ದೂರವಲ್ಲ. ಉಮರ್ಗಾ ಸೀಮೆಯ ಎಷ್ಟೋ ಮನೆಗಳಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಆಡುಮಾತು. ಪರಿಹಾರದ ಹಣಕ್ಕೆ ಖಾತೆ ತೆರೆಯುವ ಕೆಲಸಕ್ಕಾಗಿ ನನ್ನನ್ನು ಕೆಲವು ವಾರ ಆ ಕಡೆಗೆ ಕಳಿಸಿದ್ದರು.

ತಗಡಿನ ಚಪ್ಪರದ ಕೆಳಗೆ ಮೇಜು ಹಾಕಿಕೊಂಡು ನಾವು ಅರ್ಜಿ ತುಂಬಿಸುತ್ತಿದ್ದೆವು. ಸತ್ತವರೆಷ್ಟು, ಗಾಯಗೊಂಡವರೆಷ್ಟು, ಬಿದ್ದ ಗೋಡೆ ಯಾವುದು, ಹೋದ ದನವೆಷ್ಟು, ಹೀಗೆ ಎಲ್ಲದಕ್ಕೂ ಒಂದೊಂದು ಕಲಮು ಇತ್ತು. ಒಬ್ಬ ಮುದುಕಿ ಆ ಎಲ್ಲ ಕಲಮುಗಳಿಗೂ ಮರಾಠಿಯಲ್ಲೇ ಉತ್ತರ ಕೊಟ್ಟಳು. ಹೆಬ್ಬೆಟ್ಟು ಒತ್ತುವಾಗ ನಾನು ಕನ್ನಡದಲ್ಲಿ ಏನೋ ಅಂದದ್ದನ್ನು ಕೇಳಿ, ಬಗ್ಗಿ, ದನಿ ತಗ್ಗಿಸಿ ಕನ್ನಡಕ್ಕೆ ತಿರುಗಿದಳು: “ರಾತ್ರಿ ಆತಂದ್ರ ಗ್ವಾಡಿ ಬರ್ತದ್ರೀ ಸಾಹೇಬ್ರ. ಬೀಳೂದಿಲ್ಲ, ನಡಕೋತ ಬರ್ತದ. ನಾ ಮಕ್ಕೊಳ್ಳೂದ ಬಿಟ್ಟೀನಿ.” ನಾನು “ಆಯಿ, ಇದು ಎಲ್ಲಾರಿಗೂ ಆಗ್ಲಿಕ್ಕತ್ತದ” ಎಂದೆ. ಅದು ಸುಳ್ಳು ಸಮಾಧಾನವಾಗಿರಲಿಲ್ಲ. ಆ ವಾರಗಳಲ್ಲಿ ಬೇರೆ ಬೇರೆ ಮಾತುಗಳಲ್ಲಿ ಅದೇ ಕನಸನ್ನು ಹಲವರ ಬಾಯಿಂದ ಕೇಳಿದ್ದೆ. ಬಾಗಿಲು ತೆರೆಯದ ಕನಸು, ಕೂಗಿದರೂ ದನಿ ಹೊರಡದ ಕನಸು, ಸತ್ತ ಮಗು ಮಣ್ಣಿನ ಒಳಗಿನಿಂದ ನೀರು ಕೇಳುವ ಕನಸು. ನಮ್ಮ ಅರ್ಜಿಯಲ್ಲಿ ನಿದ್ರೆಗೆ ಕಲಮು ಇರಲಿಲ್ಲ. ಮನೆಯ ಲೆಕ್ಕವನ್ನು ಮರಾಠಿಯಲ್ಲಿ ಕೊಟ್ಟವಳು ಕನಸನ್ನು ಕನ್ನಡದಲ್ಲಿ ಹೇಳಿದಳು ಎಂಬ ಸಂಗತಿಯನ್ನು ನಾನು ಆಗಿನಿಂದಲೂ ಯೋಚಿಸುತ್ತ ಬಂದಿದ್ದೇನೆ. ಆ ಯೋಚನೆ ಓದಿಗೆ ಹಚ್ಚಿತು. ಓದಿನಿಂದ ತಿಳಿದ ಕೆಲವನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಶರೀರದ ಮಾತು. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ಎಂಬವರು ನಿದ್ರೆಯಲ್ಲಿ ಕಣ್ಣಾಲಿಗಳು ರೆಪ್ಪೆಯ ಕೆಳಗೆ ಚುರುಕಾಗಿ ಓಡಾಡುವ ಅವಧಿಗಳಿವೆ ಎಂದು ತೋರಿಸಿದರು. ಇದಕ್ಕೆ ರೆಮ್ ನಿದ್ರೆ ಎಂದು ಹೆಸರಾಯಿತು. ನಿಚ್ಚಳವಾಗಿ ನೆನಪಿರುವ ಕನಸುಗಳಲ್ಲಿ ಬಹುಪಾಲು ಈ ಅವಧಿಯವು. ರಾತ್ರಿ ಕಳೆದಂತೆ ಈ ಅವಧಿಗಳು ಉದ್ದವಾಗುತ್ತವೆ. ಆದ್ದರಿಂದಲೇ ದುಃಸ್ವಪ್ನಗಳು ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ ಬೀಳುತ್ತವೆ. ಮಕ್ಕಳು ರಾತ್ರಿಯ ಮೊದಲ ಭಾಗದಲ್ಲಿ ಚೀರಿ ಎದ್ದು, ಬೆಳಿಗ್ಗೆ ಏನೂ ನೆನಪಿಲ್ಲ ಎನ್ನುವುದು ಬೇರೆ ಬಗೆಯದು. ಅದು ಗಾಢನಿದ್ರೆಯಿಂದ ಅರೆಬರೆ ಎಚ್ಚರಗೊಳ್ಳುವುದರ ಫಲ. ದುಃಸ್ವಪ್ನ ಕಂಡವನಿಗೆ ಎಚ್ಚರ ಪೂರ್ತಿ ಆಗುತ್ತದೆ, ಕಂಡದ್ದು ನೆನಪಿರುತ್ತದೆ, ಮತ್ತೆ ಕಣ್ಣು ಮುಚ್ಚಲು ಅಂಜಿಕೆಯಾಗುತ್ತದೆ. ಆಘಾತಕ್ಕೆ ಸಿಕ್ಕವರಲ್ಲಿ ಮಾತ್ರ ಈ ಕಟ್ಟಳೆ ಸಡಿಲವಾಗಿ, ನಿದ್ರೆಯ ಬೇರೆ ಹಂತಗಳಲ್ಲೂ ಅದೇ ದೃಶ್ಯ ನುಗ್ಗಿ ಬರುವುದುಂಟು.

ಈಗ ಎರಡು ಗಳಿಗೆಗಳನ್ನು ಗಮನಿಸಿ. ಕಿಲ್ಲಾರಿಯ ಕಂಪನ 3 ಗಂಟೆ 56 ನಿಮಿಷಕ್ಕೆ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ, ಮುಂಬಯಿಯನ್ನೂ ಅಲುಗಿಸಿ ನಮ್ಮ ಹಿರಿಯರು ಇಂದಿಗೂ ನೆನೆಯುವ ಅದೇ ಭೂಕಂಪ, 4 ಗಂಟೆ 21 ನಿಮಿಷಕ್ಕೆ. ಎರಡೂ ಕನಸಿನ ಹೊತ್ತಿನಲ್ಲೇ ಬಂದವು. ನಿಜವಾದ ನೆಲ ಎಷ್ಟೋ ಜನರ ಕನಸಿನೊಳಗೇ ನಡುಗಿತೆಂದು ಹೇಳಬೇಕು. “ಕನಸೆಂದು ತಿಳಿದು ಮಗ್ಗುಲು ಬದಲಿಸಿದೆ” ಎಂದು ನನ್ನ ಬಳಿ ಹೇಳಿದವರಿದ್ದರು. ನಿಜವನ್ನು ಒಮ್ಮೆ ಕನಸೆಂದು ಭ್ರಮಿಸಿದವನು ಮುಂದೆ ಪ್ರತಿ ಕನಸನ್ನೂ ನಿಜವೆಂದು ತಿಳಿದು ಹೊರಗೆ ಓಡುವುದರಲ್ಲಿ ಆಶ್ಚರ್ಯವೇನಿದೆ? ಆ ಜನ ತಿಂಗಳುಗಟ್ಟಲೆ ಬಯಲಲ್ಲಿ ಮಲಗಿದ್ದನ್ನು ಪಟ್ಟಣದ ಅಧಿಕಾರಿಗಳು ಹಳ್ಳಿಗರ ಅಜ್ಞಾನವೆಂದು ನಗೆಯಾಡಿದ್ದನ್ನು ನಾನು ಕೇಳಿದ್ದೇನೆ. ಅದರಲ್ಲಿ ಅಜ್ಞಾನವೇನೂ ಇರಲಿಲ್ಲ.

ಎರಡನೆಯದು ಸಂಖ್ಯೆಗಳ ಮಾತು. 1989ರ ಅಕ್ಟೋಬರ್ 17ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸೀಮೆಯಲ್ಲಿ 6.9 ಪ್ರಮಾಣದ ಭೂಕಂಪವಾಯಿತು. ಅಲ್ಲಿನ ಕಾಲೇಜು ವಿದ್ಯಾರ್ಥಿಗಳ ಮತ್ತು ಭೂಕಂಪ ಕಾಣದ ಅರಿಜೋನಾದ ವಿದ್ಯಾರ್ಥಿಗಳ ಕನಸುಗಳನ್ನು ಮೂರು ವಾರಗಳ ಕಾಲ ಹೋಲಿಸಿ ನೋಡಿದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಭೂಕಂಪ ಕಂಡ ಕಡೆ ನೂರಕ್ಕೆ ಸುಮಾರು 40 ಮಂದಿಗೆ ಭೂಕಂಪದ ದುಃಸ್ವಪ್ನ ಬಿದ್ದಿತ್ತು. ಅರಿಜೋನಾದಲ್ಲಿ ಸುಮಾರು 5 ಮಂದಿಗೆ. ಓದಿದ, ಅನುಕೂಲಸ್ಥರಾದ, ಮನೆ ಕಳೆದುಕೊಳ್ಳದ ತರುಣರಲ್ಲೂ ಹತ್ತರಲ್ಲಿ ನಾಲ್ವರಿಗೆ ಹೀಗಾಯಿತು. ಹಾಗಿರುವಾಗ ಮನೆ, ಮಕ್ಕಳು, ಓಣಿ ಎಲ್ಲವನ್ನೂ ಒಂದೇ ನಿಮಿಷದಲ್ಲಿ ಕಳೆದುಕೊಂಡ ರೈತಾಪಿ ಹೆಂಗಸಿನ ಕನಸನ್ನು ಮನಸ್ಸಿನ ದೌರ್ಬಲ್ಯವೆಂದು ಕರೆಯಲು ಯಾರಿಗೆ ಅಧಿಕಾರವಿದೆ?

ಇದೇ ಜಾಗದಲ್ಲಿ ಇನ್ನೊಂದು ಹೋಲಿಕೆಯೂ ಎದ್ದು ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ್ದು ಕಿಲ್ಲಾರಿಗಿಂತ ದೊಡ್ಡ ಕಂಪನ. ಅಲ್ಲಿ ಸತ್ತವರು 63. ಇಲ್ಲಿ ಸುಮಾರು ಎಂಟು ಸಾವಿರ. ನಡುವಿನ ಅಂತರವೆಲ್ಲ ನಿಸರ್ಗದ್ದಲ್ಲ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಬಿಸಿಲು ತಡೆಯಲೆಂದು ವರ್ಷ ವರ್ಷವೂ ಹೇರಿದ ಮಣ್ಣಿನ ಮಾಳಿಗೆ. ಗೋಡೆ ಬಿಚ್ಚಿಕೊಂಡಿತು, ಮಾಳಿಗೆ ಮಲಗಿದವರ ಮೇಲೆ ಕುಳಿತಿತು. ಆಗಿನ ಸರಕಾರಿ ನಕ್ಷೆಯಲ್ಲಿ ಈ ಸೀಮೆ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 1992ರ ಅಕ್ಟೋಬರಿನಲ್ಲಿ ಕಿಲ್ಲಾರಿಯ ಸುತ್ತ ನೆಲ ಸಣ್ಣಗೆ ನಡುಗಿದ್ದರೂ ಗೋಡೆಗಳು ಇದ್ದಂತೆಯೇ ಉಳಿದವು. ಆ ಮುದುಕಿಯ ಕನಸಿನಲ್ಲಿ ಬಂದದ್ದು ಭೂಮಿಯಲ್ಲ, ಗೋಡೆ. ಇಂಜಿನಿಯರರ ವರದಿಗಳು ಮುಂದೆ ಹೇಳಿದ್ದನ್ನು ಅವಳ ನಿದ್ರೆ ಮೊದಲೇ ಹೇಳಿಬಿಟ್ಟಿತ್ತು.

ಕನಸು ಯಾಕೆ ಹೀಗೆ ಚಿತ್ರ ಕಟ್ಟುತ್ತದೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕನಸೆಂದರೆ ಆಸೆಯ ಈಡೇರಿಕೆ ಎಂದು 1900ರಲ್ಲಿ ಸಾರಿದ ಫ್ರಾಯ್ಡ್, ಮೊದಲ ಮಹಾಯುದ್ಧದ ಸಿಪಾಯಿಗಳು ರಾತ್ರಿ ರಾತ್ರಿ ಅದೇ ಭಯಂಕರ ಗಳಿಗೆಗೆ ಮರಳುವುದನ್ನು ಕಂಡು, ಈ ಬಗೆಯ ಕನಸು ತನ್ನ ಸೂತ್ರಕ್ಕೆ ಒಗ್ಗುವುದಿಲ್ಲವೆಂದು 1920ರಲ್ಲಿ ಒಪ್ಪಬೇಕಾಯಿತು. ಅಮೆರಿಕದ ಮನೋವೈದ್ಯ ಅರ್ನೆಸ್ಟ್ ಹಾರ್ಟ್‌ಮನ್ 1990ರ ದಶಕದಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಎತ್ತಿ ತೋರಿಸಿದರು. ಬೆಂಕಿಯಿಂದಲೋ ಹಲ್ಲೆಯಿಂದಲೋ ಪಾರಾದವರು ಕ್ರಮೇಣ ಬೆಂಕಿಯನ್ನೂ ಹಲ್ಲೆಯನ್ನೂ ಕಾಣುವುದು ಬಿಟ್ಟು, ಸಮುದ್ರದ ದಡದಲ್ಲಿ ತಾವು ನಿಂತಂತೆ, ಬೆಟ್ಟದಂಥ ಅಲೆಯೊಂದು ತಮ್ಮನ್ನು ನುಂಗಲು ಬಂದಂತೆ ಕಾಣುತ್ತಾರಂತೆ. ನಡೆದದ್ದು ಯಾವುದೇ ಇರಲಿ, ಮನಸ್ಸು ಆ ಭಾವಕ್ಕೆ ತಕ್ಕ ಚಿತ್ರವನ್ನು ಹುಡುಕುತ್ತದೆ. ಹೀಗೆ ಚಿತ್ರ ಬದಲಾಗುವುದು ಗುಣವಾಗುತ್ತಿರುವ ಲಕ್ಷಣ; ಅದೇ ದೃಶ್ಯ ಅಚ್ಚೊತ್ತಿದಂತೆ ಮರುಕಳಿಸುವುದು ಗಾಯ ಇನ್ನೂ ಹಸಿಯಾಗಿರುವ ಲಕ್ಷಣ. ಸಮುದ್ರವನ್ನೇ ಕಾಣದ ಬಯಲುಸೀಮೆಯ ಹೆಂಗಸಿಗೆ ಅಲೆಯ ಬದಲು ನಡೆದು ಬರುವ ಗೋಡೆ ಸಿಕ್ಕಿತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಾಗಪಟ್ಟಣದ ಮೀನುಗಾರರಿಗಾದರೋ ಇಂಥ ರೂಪಕದ ಆಸರೆಯೂ ಉಳಿಯಲಿಲ್ಲ. ಅವರ ಅಲೆ ನಿಜವಾದ ಅಲೆ, ಮತ್ತು ಮರುದಿನ ಹೊಟ್ಟೆಪಾಡಿಗೆ ಅದೇ ನೀರಿಗೆ ಇಳಿಯಬೇಕು.

ನಮ್ಮ ಪರಂಪರೆ ಈ ವಿಷಯದಲ್ಲಿ ಮೂಕವಾಗಿಲ್ಲ. ದುಃಸ್ವಪ್ನವನ್ನು ದೂರ ಮಾಡೆಂದು ಬೇಡುವ ಮಂತ್ರಗಳು ಅಥರ್ವವೇದದಲ್ಲಿವೆ. ಚರಕಸಂಹಿತೆ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ದೃಷ್ಟ, ಶ್ರುತ, ಅನುಭೂತ, ಪ್ರಾರ್ಥಿತ, ಕಲ್ಪಿತ, ಭಾವಿಕ, ದೋಷಜ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಊಹಿಸಿದ್ದು ಕನಸಾಗಿ ಬಂದರೆ ಅದಕ್ಕೆ ಮುಂದಾಗುವ ಫಲವೇನೂ ಇಲ್ಲವೆಂಬುದು ಚರಕನ ನಿರ್ಣಯ. ಈ ಮಾತನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಪ್ರತಿ ವಿಕೋಪದ ಬೆನ್ನಿಗೆ ಶಕುನ ಹೇಳುವವರ ಒಂದು ಸಂತೆ ನೆರೆಯುತ್ತದೆ. “ನಿನ್ನ ಕನಸಿನಲ್ಲಿ ಮತ್ತೆ ಗೋಡೆ ಬಿತ್ತೇ? ಹಾಗಾದರೆ ಇಂಥ ಅಮಾವಾಸ್ಯೆಗೆ ಮತ್ತೆ ನೆಲ ನಡುಗುತ್ತದೆ, ಶಾಂತಿ ಮಾಡಿಸು” ಎಂದು ಪರಿಹಾರದ ಹಣಕ್ಕೇ ಕೈಹಾಕುವವರನ್ನು ಆ ದಿನಗಳಲ್ಲಿ ನಾನು ನೋಡಿದ್ದೇನೆ. ಭೂಕಂಪ ಉಂಡವಳ ಕನಸು ‘ಅನುಭೂತ’. ದೂರದರ್ಶನದಲ್ಲಿ ನೋಡಿ ಬೆಚ್ಚಿದ ಮಗುವಿನ ಕನಸು ‘ದೃಷ್ಟ’. ಶಾಸ್ತ್ರದ ಹೆಸರಿನಲ್ಲಿ ಹೆದರಿಸುವವರಿಗೆ ಶಾಸ್ತ್ರದಿಂದಲೇ ಉತ್ತರವಿದೆ. ಭೂಕಂಪದ ದಿನವನ್ನೂ ಗಳಿಗೆಯನ್ನೂ ಮುಂದಾಗಿ ಹೇಳುವ ವಿದ್ಯೆ ಇಂದಿಗೂ ವಿಜ್ಞಾನಕ್ಕೆ ದಕ್ಕಿಲ್ಲ. ಕನಸಿಗೆ ದಕ್ಕಿದೆ ಎಂದು ನಂಬಲು ಆಧಾರವಿಲ್ಲ.

ಕನಸಿಗೂ ವಿಕೋಪಕ್ಕೂ ಸಂಬಂಧ ಕಲ್ಪಿಸಿದ ಕಥೆಯೊಂದು ಕರ್ನಾಟಕದ ನೆಲಕ್ಕೇ ಅಂಟಿಕೊಂಡಿದೆ. ದಿಗಂಬರ ಜೈನ ಪರಂಪರೆಯಲ್ಲಿ ಚಂದ್ರಗುಪ್ತನು ಹದಿನಾರು ಅಶುಭ ಸ್ವಪ್ನಗಳನ್ನು ಕಾಣುತ್ತಾನೆ. ಅವುಗಳಲ್ಲೊಂದು ಹನ್ನೆರಡು ಹೆಡೆಯ ಸರ್ಪ. ಭದ್ರಬಾಹು ಮುನಿಗಳು ಅದನ್ನು ಹನ್ನೆರಡು ವರ್ಷದ ಕ್ಷಾಮವೆಂದು ಬಿಡಿಸುತ್ತಾರೆ. ಮುನಿಸಂಘ ದಕ್ಷಿಣಕ್ಕೆ ನಡೆದು ಶ್ರವಣಬೆಳಗೊಳಕ್ಕೆ ಬರುತ್ತದೆ. ಇತಿಹಾಸಕಾರರಲ್ಲಿ ಈ ಕಥೆಯ ಬಗ್ಗೆ ವಾದಗಳಿವೆ. ಅದು ಇಂದಿನ ವಿಷಯವಲ್ಲ. ಕಥೆಯ ಕ್ರಮವನ್ನು ಮಾತ್ರ ನೋಡೋಣ. ದೊರೆ ಕನಸನ್ನು ಮುಚ್ಚಿಡಲಿಲ್ಲ, ಹೇಳಿದ. ಕೇಳಿದವರು ನಗಲಿಲ್ಲ, ಹೆದರಿಸಿ ಹಣ ಕೀಳಲಿಲ್ಲ. ಆಮೇಲೆ ಎಲ್ಲರೂ ಸೇರಿ ಮಾಡಬೇಕಾದ ಕೆಲಸವೊಂದನ್ನು ಮಾಡಿದರು, ಕಾಲ್ನಡಿಗೆಯಲ್ಲಿ ಹೊರಟರು. ಹೇಳುವುದು, ಕೇಳುವುದು, ಕೂಡಿ ಕೆಲಸ ಮಾಡುವುದು: ಈ ಮೂರನ್ನು ನಾನು ಆ ಕಥೆಯಿಂದ ಎತ್ತಿಕೊಳ್ಳುತ್ತೇನೆ.

ಹೇಳುವುದರಿಂದ ಏನಾಗುತ್ತದೆ? ಇಂದಿನ ಚಿಕಿತ್ಸಾಶಾಸ್ತ್ರ ಒಪ್ಪಿರುವ ಒಂದು ಸರಳ ವಿಧಾನವಿದೆ. ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು ಅದನ್ನು ಅತ್ಯಾಚಾರಕ್ಕೆ ಈಡಾದ ಮಹಿಳೆಯರಲ್ಲಿ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ದುಃಸ್ವಪ್ನಗಳು ಕಡಿಮೆಯಾದವು, ನಿದ್ರೆ ಸುಧಾರಿಸಿತು. ವಿಧಾನ ಇಷ್ಟೆ: ಹಗಲು ಹೊತ್ತಿನಲ್ಲಿ, ಎಚ್ಚರದಲ್ಲಿ, ಕನಸನ್ನು ಬರೆಯಬೇಕು ಅಥವಾ ಹೇಳಬೇಕು. ಆಮೇಲೆ ಅದನ್ನು ತನಗೆ ಬೇಕಾದಂತೆ ಬದಲಿಸಬೇಕು. ಬದಲಿಸಿದ ಕನಸನ್ನು ದಿನವೂ ಹತ್ತಿಪ್ಪತ್ತು ನಿಮಿಷ ಕಣ್ಣ ಮುಂದೆ ತಂದುಕೊಳ್ಳಬೇಕು. ನಡೆದು ಬರುವ ಗೋಡೆಗೆ ಒಂದು ಬಾಗಿಲು ಇಡಬಹುದು, ಗೋಡೆಯನ್ನು ಜೋಳದ ದಂಟಿನದಾಗಿ ಮಾಡಬಹುದು. ಏನು ಬದಲಿಸಬೇಕೆಂದು ವೈದ್ಯರು ಹೇಳುವುದಿಲ್ಲ. ಕನಸು ಕಂಡವರದೇ ಆಯ್ಕೆ. ಅಕ್ಷರ ಬಾರದವರು ಬಾಯಿಂದ ಹೇಳಬಹುದು, ಮಕ್ಕಳು ಚಿತ್ರ ಬರೆಯಬಹುದು. ಕಥೆ ಹೇಳುವ, ಹಾಡು ಕಟ್ಟುವ ಹಳ್ಳಿಯ ಹೆಂಗಸರಿಗೆ ಇದು ತೀರ ಅಪರಿಚಿತವಾದ ವಿದ್ಯೆಯೂ ಅಲ್ಲ. ಆದರೆ ಇದು ಕಲಿತ ಭಾಷೆಯಲ್ಲಿ ಸುಲಭವಾಗಿ ಆಗುವ ಕೆಲಸವಲ್ಲ. ಕಚೇರಿಯ ಮರಾಠಿಯಲ್ಲೋ ಆಸ್ಪತ್ರೆಯ ಹಿಂದಿ, ಇಂಗ್ಲಿಷುಗಳಲ್ಲೋ “ಹೆದರಿಕೆ ಆಗುತ್ತದೆ” ಎನ್ನಬಹುದು; “ಗ್ವಾಡಿ ನಡಕೋತ ಬರ್ತದ” ಎನ್ನಲು ತಾಯಿನುಡಿಯೇ ಬೇಕು. ಭಾಷೆಯ ಹಕ್ಕಿನ ಮಾತಾಡುವಾಗ ನಾವು ಶಾಲೆ, ಕೋರ್ಟು, ನಾಮಫಲಕಗಳನ್ನು ನೆನೆಯುತ್ತೇವೆ. ನೋವನ್ನು ತನ್ನ ನುಡಿಯಲ್ಲಿ ಹೇಳಿಕೊಳ್ಳುವ ಹಕ್ಕನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ನಾನು ಕೋರುತ್ತೇನೆ. ಇದನ್ನು ಮರಾಠಿಯ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಒಡಿಯಾ, ಬಿಹಾರಿ ಕೂಲಿಗಾರರಿಗೂ ಇದೇ ಹಕ್ಕಿದೆ.

ಹೇಳಲು ಭಾಷೆ ಬೇಕಾದಂತೆ ಕೇಳಲು ನೆರೆ ಬೇಕು. ಕಿಲ್ಲಾರಿಯ ಪುನರ್ವಸತಿಯಲ್ಲಿ ವಿಶ್ವಬ್ಯಾಂಕಿನ ನೆರವೂ ಸೇರಿ ದೊಡ್ಡ ಕೆಲಸ ನಡೆಯಿತು. ಗಟ್ಟಿ ಮನೆಗಳು ಎದ್ದವು. ಇದು ಸಣ್ಣ ಸಾಧನೆಯಲ್ಲ. ಆದರೆ ಸ್ಥಳಾಂತರಗೊಂಡ ಊರುಗಳಲ್ಲಿ ಮನೆಗಳನ್ನು ಹೊಲದ ವಿಸ್ತಾರಕ್ಕೆ ತಕ್ಕಂತೆ 250, 400, 750 ಚದರಡಿಗಳ ಮೂರು ವರ್ಗ ಮಾಡಿ, ಪಟ್ಟಣದ ಬಡಾವಣೆಯಂತೆ ನೇರ ಬೀದಿಗಳಲ್ಲಿ ಸಾಲಿಟ್ಟರು. ಹಳೆಯ ಓಣಿಗಳು ಚದುರಿದವು. ರಾತ್ರಿ ಚೀರಿದರೆ ಗೋಡೆಯಾಚೆಯಿಂದ “ಯಾಕವ್ವಾ, ಏನಾತು?” ಎಂದು ಕೇಳುವವಳು ನಾಲ್ಕು ಬೀದಿ ಆಚೆಗೆ ಹೋದಳು. ಮನೆಯನ್ನು ಲೆಕ್ಕ ಹಾಕಿದವರು ನೆರೆಯನ್ನು ಲೆಕ್ಕ ಹಾಕಲಿಲ್ಲ.

ಮೂರನೆಯದು ಕೂಡಿ ಮಾಡಬೇಕಾದ ಕೆಲಸ. ಇಲ್ಲಿ ನಾನು ಚಿಕಿತ್ಸೆಯ ಮಿತಿಯನ್ನೂ ಹೇಳಬೇಕು. ಗೋಡೆ ಇನ್ನೂ ಕಲ್ಲು ಮಣ್ಣಿನದೇ ಆಗಿದ್ದರೆ, ಗುಡ್ಡದ ಬುಡದ ಗುಡಿಸಲು ಇನ್ನೂ ಅಲ್ಲೇ ಇದ್ದರೆ, ಆ ಕನಸನ್ನು ಬರಿಯ ರೋಗವೆಂದು ಕರೆಯುವುದು ಅನ್ಯಾಯ. ಅದರಲ್ಲಿ ಅರ್ಧ ಭಾಗ ವಿವೇಕ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಈ ಸಭೆಯಲ್ಲಿ ಮರೆತವರಿಲ್ಲ. ಮಿಠಿ ನದಿಯ ದಡದಲ್ಲಿ ಇಂದಿಗೂ ವಾಸವಾಗಿರುವವನು ಜೂನ್ ತಿಂಗಳಲ್ಲಿ ನೀರಿನ ಕನಸು ಕಂಡು ಎದ್ದು ಕುಳಿತರೆ ಅವನಿಗೆ ಮಾತ್ರೆ ಕೊಟ್ಟು ಮಲಗಿಸುವುದಷ್ಟೇ ಸಾಕೇ? 2023ರ ಜುಲೈ 19ರ ರಾತ್ರಿ ರಾಯಗಡದ ಇರ್ಶಾಳವಾಡಿಯ ಮೇಲೆ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ಬಿದ್ದದ್ದು ಮಲಗಿದ್ದ ಜನರ ಮೇಲೆ. 2018ರ ಆಗಸ್ಟಿನಲ್ಲಿ ಕೊಡಗೂ ಇದೇ ಬಗೆಯ ಕುಸಿತಗಳನ್ನು ಕಂಡಿತು. ಭದ್ರವಾದ ಸೂರು ದುಃಸ್ವಪ್ನಕ್ಕೆ ಮೊದಲ ಔಷಧ. ಮನೋವೈದ್ಯರ ಔಷಧ ಎರಡನೆಯದು. ಎರಡನೆಯದನ್ನು ಕೊಟ್ಟು ಮೊದಲನೆಯದನ್ನು ಮರೆಸುವ ಸರಕಾರ ನಿದ್ರೆ ಬರಿಸುತ್ತಿದೆಯೇ ಹೊರತು ಕಾಪಾಡುತ್ತಿಲ್ಲ.

ಕೊನೆಯದಾಗಿ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಒಂದು, ವಿಕೋಪದ ಕಾಲದಲ್ಲಿ ಬಟ್ಟೆಬರೆ, ಹಣ ಕೂಡಿಸಿ ಕಳಿಸುವ ನಮ್ಮ ಒಳ್ಳೆಯ ರೂಢಿಯ ಜೊತೆಗೆ, ಕನ್ನಡದಲ್ಲಿ ಕೇಳಿಸಿಕೊಳ್ಳಬಲ್ಲ ನಾಲ್ಕಾರು ಮಂದಿಯನ್ನು ತರಬೇತಿ ಕೊಡಿಸಿ ಸಿದ್ಧಪಡಿಸಬೇಕು. ಭೋಪಾಲದ ಅನಿಲ ದುರಂತದ ತರುವಾಯ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಸಾಮಾನ್ಯ ವೈದ್ಯರಿಗೇ ಮಾನಸಿಕ ಆರೈಕೆಯ ತರಬೇತಿ ಕೊಟ್ಟರು. ತಜ್ಞರಲ್ಲದವರೂ ಕಲಿತು ನೆರವಾಗಬಹುದು ಎಂಬುದಕ್ಕೆ ಅದು ನಿದರ್ಶನ. ಎರಡು, ದುಃಸ್ವಪ್ನದ ಬಗ್ಗೆ ಸರಳ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಿಕೆ ತರಬೇಕು. ಆಘಾತದ ಮೊದಲ ವಾರಗಳಲ್ಲಿ ಕೆಟ್ಟ ಕನಸು ಸಹಜ, ಬಹುಮಂದಿಗೆ ತಾನಾಗಿ ತಗ್ಗುತ್ತದೆ. ತಿಂಗಳು ದಾಟಿದರೂ ತಗ್ಗದಿದ್ದರೆ, ಮಲಗಲು ಅಂಜಿ ಕುಡಿತಕ್ಕೆ ಇಳಿದರೆ, ಸಾಯುವ ಮಾತು ಬಾಯಿಗೆ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು ಎಂದು ಅದರಲ್ಲಿರಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯೂ ಇರಬೇಕು. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಮೂರು, ನಮ್ಮವರು ವಾಸಿಸುವ ಹಳೆಯ ಚಾಳುಗಳ, ಗುಡ್ಡದಂಚಿನ ವಸತಿಗಳ ಭದ್ರತೆಯನ್ನು ಪರೀಕ್ಷಿಸಬೇಕೆಂದು ಮಹಾನಗರಪಾಲಿಕೆಯನ್ನು ಒತ್ತಾಯಿಸುವಾಗ ಸಂಘವೂ ಸಹಿ ಹಾಕಬೇಕು. ಅಲ್ಲಿ ಕನ್ನಡಿಗ, ಮರಾಠಿಗ ಎಂಬ ಭೇದ ಬೇಡ. ಬೀಳುವ ಗೋಡೆಗೆ ಆ ಭೇದ ತಿಳಿಯದು.

ಕಿಲ್ಲಾರಿಯ ನೆಲ ನಡುಗಿ ಮೂರು ದಶಕಗಳು ದಾಟಿದವು. ಆ ರಾತ್ರಿಯ ಮಕ್ಕಳು ಇಂದು ಮಕ್ಕಳೊಂದಿಗರು. ಅವರಲ್ಲಿ ಎಷ್ಟು ಮಂದಿ ಬೆಳಗಿನ ಜಾವ ಎದ್ದು ಕೂರುತ್ತಾರೆಂಬುದನ್ನು ಯಾವ ಅರ್ಜಿಯೂ ಕೇಳಿಲ್ಲ. ಮುಂದೆ ಅಂಥ ಅರ್ಜಿ ಬರೆಯುವ ಕಾಲ ಬಂದಾಗ, ಬಾರದಿರಲಿ ಎಂದೇ ನಮ್ಮ ಹಾರೈಕೆ, ನಿದ್ರೆಗೂ ಒಂದು ಕಲಮು ಇರಲಿ, ಅದನ್ನು ತುಂಬಿಸುವವರು ಎದುರಿಗಿರುವವರ ನುಡಿ ಬಲ್ಲವರಾಗಿರಲಿ.